ದೂರ ಗೊತ್ತಿಲ್ಲದ ಬೆಳಕು

2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್ ಗಡಿಯ ಪ್ಯಾಂಗಾಂಗ್ ಸರೋವರದ ಬಳಿ ಕಾವಲಿದ್ದ ನಮ್ಮ ಸೈನಿಕರು ಗುರುತು ಸಿಗದ ಬೆಳಕುಗಳನ್ನು ಆಕಾಶದಲ್ಲಿ 329 ಸಲ ಕಂಡು ಬರೆದಿಟ್ಟರು. ಅವುಗಳಲ್ಲಿ 155 ಸಲ ಬೆಳಕು ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿ ಈಚೆಗೆ ಬಂತೆಂಬ ಲೆಕ್ಕವೂ ಇತ್ತು. ಚೀನಾದ ಡ್ರೋನ್ ಇರಬೇಕೆಂದು ಸೇನೆ ಅನುಮಾನಿಸಿತು. ಟಿವಿಯಲ್ಲಿ ಅದೇ ಬೆಳಕು ಹಾರುವ ತಟ್ಟೆಯೂ ಆಯಿತು. ಕೊನೆಗೆ ಪ್ರಶ್ನೆ ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಖಗೋಳ ವಿಜ್ಞಾನಿಗಳ ಮುಂದೆ ಬಂತು. ಅದೇ ಲಡಾಖ್‌ನ ಹಾನ್ಲೆಯಲ್ಲಿ ಈ ಸಂಸ್ಥೆಯ ವೀಕ್ಷಣಾಲಯ ಇದೆ, ಅಲ್ಲಿಯ ಆಕಾಶ ಅವರಿಗೆ ಚಿರಪರಿಚಿತ.

ವಿಜ್ಞಾನಿಗಳು ಸೇನೆಯಿಂದ ಕೇಳಿದ್ದು ತೀರಾ ಸಾಧಾರಣ ವಿವರ: ಬೆಳಕು ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ, ದಿಗಂತದಿಂದ ಎಷ್ಟು ಮೇಲೆ ಇತ್ತು? ಸುತ್ತಲಿನ ನಕ್ಷತ್ರಗಳಿಗೆ ಹೋಲಿಸಿದರೆ ಹೇಗೆ ಸರಿಯಿತು? ಈ ಅಂಕಿಗಳು ಕೈಗೆ ಬಂದಮೇಲೆ ಉತ್ತರಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. ರಾತ್ರಿ ಕಾಣುತ್ತಿದ್ದದ್ದು ಗುರು, ನಸುಕಿನಲ್ಲಿ ಕಾಣುತ್ತಿದ್ದದ್ದು ಶುಕ್ರ. ನಮ್ಮ ಹಳ್ಳಿಗಳಲ್ಲಿ ಬೆಳ್ಳಿ ಮೂಡಿತು ಎಂದು ಎದ್ದು ದನದ ಕೊಟ್ಟಿಗೆಗೆ ಹೋಗುತ್ತಿದ್ದರಲ್ಲ, ಆ ಬೆಳ್ಳಿಯೇ.

ಈ ಪ್ರಸಂಗವನ್ನು ಹೇಳಿ ಸೈನಿಕರನ್ನು ನೋಡಿ ನಗುವವರನ್ನು ನಾನು ಒಪ್ಪುವುದಿಲ್ಲ. 4,200 ಮೀಟರಿಗೂ ಎತ್ತರದ ಜಾಗ ಅದು. ಗಾಳಿ ತೆಳು, ಧೂಳಿಲ್ಲ, ಊರಿನ ದೀಪದ ಬೆಳಕಿಲ್ಲ. ಅಲ್ಲಿ ಗ್ರಹಗಳು ಬಯಲುಸೀಮೆಯವರು ಊಹಿಸಲಾರದಷ್ಟು ಪ್ರಖರ. ದಿಗಂತದ ಹತ್ತಿರ ಇದ್ದಾಗ ಅವುಗಳ ಬೆಳಕು ದಪ್ಪ ಗಾಳಿಯ ಪದರ ಹಾದು ಬರುವುದರಿಂದ ಕೆಂಪು ಹಸಿರಾಗಿ ಮಿನುಗುತ್ತದೆ. ಕಗ್ಗತ್ತಲಲ್ಲಿ ಒಂಟಿ ಚುಕ್ಕಿಯನ್ನೇ ದಿಟ್ಟಿಸುತ್ತಾ ನಿಂತರೆ ಸ್ಥಿರವಾದ ಬೆಳಕೂ ಅಲುಗಾಡಿದಂತೆ ಅನ್ನಿಸುತ್ತದೆ, ಅದು ಎಲ್ಲರ ಕಣ್ಣಿನ ಸ್ವಭಾವ. ಇನ್ನು ಗಡಿ ದಾಟಿದ ವಿಷಯ. ಪ್ಯಾಂಗಾಂಗ್‌ನಲ್ಲಿ ಚೀನಾ ಇರುವುದು ಪೂರ್ವಕ್ಕೆ. ಗ್ರಹಗಳೆಲ್ಲ ಪೂರ್ವದಲ್ಲಿ ಮೂಡಿ ಪಶ್ಚಿಮಕ್ಕೆ ಸಾಗುತ್ತವೆ. ಅಲ್ಲಿ ನಿಂತವರಿಗೆ ಗುರು ಗ್ರಹ ಪ್ರತಿ ರಾತ್ರಿಯೂ ಆಚೆಯಿಂದ ಈಚೆಗೆ ಬಂದೇ ಬರುತ್ತದೆ.

ಕಾವಲುಗಾರರ ಪ್ರಾಮಾಣಿಕತೆಯಲ್ಲಿ ಕೊರತೆ ಇರಲಿಲ್ಲ, ಕಣ್ಣು ಸರಿಯಾಗಿಯೇ ಇತ್ತು. ಅವರಿಗೆ ಗೊತ್ತಿರದಿದ್ದದ್ದು ಒಂದೇ, ಆ ಬೆಳಕು ಎಷ್ಟು ದೂರದಲ್ಲಿದೆ ಎನ್ನುವುದು. ಅನ್ಯಗ್ರಹದವರು ಭೂಮಿಗೆ ಬಂದುಹೋಗಿದ್ದಾರೆ ಎನ್ನಲು ನಂಬಬಹುದಾದ ಪುರಾವೆ ಇದೆಯೇ ಎಂಬ ಎಪ್ಪತ್ತೈದು ವರ್ಷಗಳ ಜಗಳದ ಬಹುಪಾಲು ಈ ಒಂದು ಕೊರತೆಯ ಸುತ್ತಲೇ ಸುತ್ತುತ್ತಿದೆ ಎನ್ನುವುದು ನನ್ನ ತಿಳುವಳಿಕೆ.

ಲೆಕ್ಕ ಸರಳ. ಕಣ್ಣಾಗಲಿ ಕ್ಯಾಮೆರಾ ಆಗಲಿ ಅಳೆಯುವುದು ಕೋನವನ್ನು ಮಾತ್ರ. ಕೈ ಚಾಚಿ ಹಿಡಿದ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಹುಣ್ಣಿಮೆಯ ಚಂದ್ರ ಅದರ ಅರ್ಧ. ಆಕಾಶದಲ್ಲಿ ಕಿರುಬೆರಳಿನಷ್ಟು ಅಗಲ ಕಂಡ ವಸ್ತು 100 ಮೀಟರ್ ದೂರದಲ್ಲಿದ್ದರೆ ಅದರ ನಿಜವಾದ ಅಗಲ ಒಂದೂಮುಕ್ಕಾಲು ಮೀಟರ್, ಜಾತ್ರೆಯ ದೊಡ್ಡ ಬಲೂನಿನಷ್ಟು. 10 ಕಿಲೋಮೀಟರ್ ದೂರದಲ್ಲಿದ್ದರೆ 175 ಮೀಟರ್, ಯಾವ ವಿಮಾನಕ್ಕೂ ಇಲ್ಲದ ಗಾತ್ರ. ವೇಗವೂ ಹೀಗೆಯೇ. ಒಂದು ಸೆಕೆಂಡಿನಲ್ಲಿ 10 ಡಿಗ್ರಿ ಸರಿದ ಚುಕ್ಕಿ 50 ಮೀಟರ್ ಆಚೆಗಿದ್ದರೆ ಅದೊಂದು ಹಕ್ಕಿ ಅಥವಾ ಹುಳು. 50 ಕಿಲೋಮೀಟರ್ ಆಚೆಗಿದ್ದರೆ ಸೆಕೆಂಡಿಗೆ ಸುಮಾರು 9 ಕಿಲೋಮೀಟರ್ ಓಡುವ ಪವಾಡ. ‘ಭಯಂಕರ ವೇಗದಲ್ಲಿ ಹೋಯಿತು’ ಎಂಬ ಹೇಳಿಕೆಯೊಳಗೆ ದೂರದ ಬಗ್ಗೆ ಒಂದು ಊಹೆ ಅಡಗಿರುತ್ತದೆ. ಆ ಊಹೆ ತಪ್ಪಿದರೆ ವೇಗವೂ ತಪ್ಪುತ್ತದೆ, ಗಾತ್ರವೂ ತಪ್ಪುತ್ತದೆ.

ದೂರ ದಾಖಲಾಗಿದ್ದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನೌಕಾಪಡೆಯ ‘ಗೋಫಾಸ್ಟ್’ ವಿಡಿಯೋಗಿಂತ ಒಳ್ಳೆಯ ಉದಾಹರಣೆ ಇಲ್ಲ. 2015ರಲ್ಲಿ ಯುದ್ಧವಿಮಾನದ ಇನ್‌ಫ್ರಾರೆಡ್ ಕ್ಯಾಮೆರಾ ಸೆರೆಹಿಡಿದದ್ದು ಅದು. 2020ರ ಏಪ್ರಿಲ್‌ನಲ್ಲಿ ಪೆಂಟಗನ್ ಅಧಿಕೃತವಾಗಿ ಬಿಡುಗಡೆ ಮಾಡಿದ ಮೂರು ವಿಡಿಯೋಗಳಲ್ಲಿ ಒಂದು. ಸಣ್ಣ ಬಿಳಿ ಚುಕ್ಕಿಯೊಂದು ಸಮುದ್ರದ ಮೇಲೆ ಬಾಣದಂತೆ ಹಾರುತ್ತದೆ, ಪೈಲಟ್‌ಗಳ ಉದ್ಗಾರ ಕೇಳುತ್ತದೆ. ನೋಡಿದವರಿಗೆ ನೀರಿಗೆ ತಾಗಿಕೊಂಡೇ ಶರವೇಗದಲ್ಲಿ ಹೋಗುವ ಯಂತ್ರ ಎನ್ನಿಸುವುದು ಸಹಜ. ಆದರೆ ತೆರೆಯ ಅಂಚಿನಲ್ಲಿ ಅಂಕಿಗಳಿವೆ. ವಿಮಾನದ ಎತ್ತರ 25,000 ಅಡಿ, ಅಂದರೆ 7.62 ಕಿಲೋಮೀಟರ್. ಕ್ಯಾಮೆರಾ ಕೆಳಮುಖವಾಗಿ 26 ಡಿಗ್ರಿ ಬಾಗಿದಾಗ ವಸ್ತುವಿನ ದೂರ 4.4 ನಾಟಿಕಲ್ ಮೈಲಿ, ಅಂದರೆ 8.15 ಕಿಲೋಮೀಟರ್. ಪಿಯುಸಿಯ ತ್ರಿಕೋನಮಿತಿ ಸಾಕು. 26 ಡಿಗ್ರಿಯ ಸೈನ್ 0.438. ಅದನ್ನು 8.15ರಿಂದ ಗುಣಿಸಿದರೆ 3.57. ವಸ್ತು ವಿಮಾನಕ್ಕಿಂತ ಅಷ್ಟು ಕೆಳಗಿದೆ, ಎಂದರೆ ಸಮುದ್ರದಿಂದ ಸುಮಾರು 4 ಕಿಲೋಮೀಟರ್ ಮೇಲೆ, 13,000 ಅಡಿಯ ಆಸುಪಾಸಿನಲ್ಲಿದೆ. ವಿಡಿಯೋದ ಕೊನೆಯಲ್ಲಿ ಕೋನ 35 ಡಿಗ್ರಿ, ದೂರ 3.4 ನಾಟಿಕಲ್ ಮೈಲಿ. ಮತ್ತೆ ಲೆಕ್ಕ ಹಾಕಿದರೂ ಎತ್ತರ ಅಷ್ಟೇ ಬರುತ್ತದೆ. ನೀರಿಗೆ ತಾಗಿ ಹಾರುತ್ತಿದೆ ಎಂಬ ಮೊದಲ ನೋಟ ಅಲ್ಲಿಗೆ ಬಿದ್ದುಹೋಗುತ್ತದೆ.

ಹಾಗಾದರೆ ಆ ಓಟ ಎಲ್ಲಿಂದ ಬಂತು? ರೈಲಿನ ಕಿಟಕಿಯಲ್ಲಿ ಕುಳಿತಾಗ ಹೊಲದ ನಡುವಿನ ಒಂಟಿ ತೆಂಗಿನಮರ ದೂರದ ಗುಡ್ಡದ ಮೇಲೆ ಓಡಿದಂತೆ ಕಾಣುತ್ತದಲ್ಲ, ಅದೇ ಇಲ್ಲಿಯೂ ನಡೆದಿದೆ. ಕ್ಯಾಮೆರಾದ ನೋಟದ ಗೆರೆ ಸಮುದ್ರವನ್ನು ಮುಟ್ಟುವ ಜಾಗ ಸುಮಾರು 17 ಕಿಲೋಮೀಟರ್ ದೂರ. ವಸ್ತು ಆ ಗೆರೆಯ ಹೆಚ್ಚುಕಡಿಮೆ ನಡುಮಧ್ಯದಲ್ಲಿದೆ. ನಿಂತಲ್ಲೇ ನಿಂತ ಬಲೂನ್ ಕೂಡ ಹಿಂದಿನ ನೀರಿನ ಮೇಲೆ ವಿಮಾನದಷ್ಟೇ ವೇಗದಲ್ಲಿ, ಅದರ ಎದುರು ದಿಕ್ಕಿಗೆ ಓಡಿದಂತೆ ತೋರುತ್ತದೆ. ವಿಮಾನದ ಚಲನೆಯನ್ನು ಕಳೆದು ನಾಸಾದ ಸ್ವತಂತ್ರ ಅಧ್ಯಯನ ತಂಡ 2023ರ ಸೆಪ್ಟೆಂಬರ್‌ನ ವರದಿಯಲ್ಲಿ ಕೊಟ್ಟ ಸರಾಸರಿ ವೇಗ ಗಂಟೆಗೆ ಸುಮಾರು 40 ಮೈಲಿ, ಎಂದರೆ 64 ಕಿಲೋಮೀಟರ್. ಆ ಎತ್ತರದ ಗಾಳಿಗೆ ಅಂಥ ವೇಗ ಹೊಸದೇನಲ್ಲ. ವಸ್ತು ಬಲೂನೋ ಹಕ್ಕಿಯೋ ಎಂದು ಆ ಚುಕ್ಕಿಯಿಂದ ಹೇಳಲಾಗದು. ಆದರೆ ವಿವರಿಸಲಾಗದ ವೇಗವೆಂಬುದು ಅಲ್ಲಿ ಇರಲೇ ಇಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಿದ ಇನ್ನೊಂದು ಪ್ರಸಂಗ ಈ ಕ್ಷೇತ್ರದಲ್ಲಿ ಸಿಗುವುದು ಕಷ್ಟ.

ಅತ್ಯಂತ ಬಲವಾದ ಪ್ರಕರಣವನ್ನೂ ನ್ಯಾಯವಾಗಿ ನೋಡಬೇಕು. 2004ರ ನವೆಂಬರ್ 14ರಂದು ಸ್ಯಾನ್ ಡಿಯೇಗೋ ಕಡಲಾಚೆ ನಿಮಿಟ್ಸ್ ವಿಮಾನವಾಹಕ ನೌಕೆಯ ಪೈಲಟ್ ಡೇವಿಡ್ ಫ್ರೇವರ್ ಮತ್ತು ಜೊತೆಗಿದ್ದವರು ರೆಕ್ಕೆ, ಎಂಜಿನ್ ಹೊಗೆ ಏನೂ ಇಲ್ಲದ, ಉದ್ದನೆಯ ಬಿಳಿ ಮಿಠಾಯಿಯ ಆಕಾರದ ವಸ್ತುವೊಂದನ್ನು ಕಂಡರು. ಅದು ತಮ್ಮ ಚಲನೆಗೆ ಪ್ರತಿಕ್ರಿಯಿಸಿ, ಥಟ್ಟನೆ ಮಾಯವಾಯಿತೆಂದು ಹೇಳಿದರು. ಪ್ರಿನ್ಸ್‌ಟನ್ ನೌಕೆಯ ರಾಡಾರ್‌ನವರು ಅದಕ್ಕೂ ಹಿಂದಿನ ದಿನಗಳಿಂದ ವಿಚಿತ್ರ ಗುರುತುಗಳನ್ನು ನೋಡುತ್ತಿದ್ದೆವು ಎಂದರು. ತರಬೇತಾದ ಕಣ್ಣುಗಳು, ಒಂದಕ್ಕಿಂತ ಹೆಚ್ಚು ಸಾಕ್ಷಿಗಳು, ಹಗಲು ಬೆಳಕು, ಜೊತೆಗೆ ರಾಡಾರ್. ಇದನ್ನು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಹಾಗೆಂದು ಮುಂದಕ್ಕೆ ಹೋಗಲೂ ದಾರಿಯಿಲ್ಲ. ನಾವೆಲ್ಲ ನೋಡಿರುವ ವಿಡಿಯೋ ಫ್ರೇವರ್ ಕಂಡ ಕ್ಷಣದ್ದಲ್ಲ. ಅದೇ ದಿನ ಆಮೇಲೆ ಹಾರಿದ ಇನ್ನೊಂದು ವಿಮಾನದ್ದು. ರಾಡಾರ್‌ನ ಮೂಲ ದತ್ತಾಂಶ ಸಾರ್ವಜನಿಕರ ಮುಂದೆ ಇಲ್ಲ. ಪೈಲಟ್ ಹೇಳುವ ವೇಗ ಮತ್ತು ಗಾತ್ರ ಬರಿಗಣ್ಣಿನ ದೂರದ ಅಂದಾಜಿನ ಮೇಲೆ ನಿಂತಿವೆ. ಈ ಪ್ರಕರಣಕ್ಕೆ ಸರಿಯಾದ ಹೆಸರು ‘ಬಿಡಿಸಲಾಗದ್ದು’. ಅದರ ಮುಂದೆ ಅನ್ಯಗ್ರಹ ಎಂಬ ಪದ ಸೇರಿಸಬೇಕಾದರೆ ಇಲ್ಲಿ ಇಲ್ಲದ ಇನ್ನೊಂದು ಸಾಕ್ಷ್ಯ ಬೇಕು.

ಈ ವ್ಯತ್ಯಾಸವನ್ನು ಚೆನ್ನಾಗಿ ಅರಿತದ್ದು ಫ್ರಾನ್ಸ್. ಅಲ್ಲಿನ ಬಾಹ್ಯಾಕಾಶ ಸಂಸ್ಥೆಯಾದ ಸಿಎನ್‌ಇಎಸ್‌ನಲ್ಲಿ 1977ರಿಂದಲೂ ಇಂಥ ವರದಿಗಳನ್ನು ಪರಿಶೀಲಿಸುವ ಒಂದು ಘಟಕವಿದೆ, ಈಗ ಅದರ ಹೆಸರು ಜೈಪಾನ್. ಅವರು ಪ್ರಕರಣಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಖಚಿತವಾಗಿ ಗುರುತಿಸಿದ್ದು ಎ, ಬಹುಶಃ ಗುರುತಿಸಿದ್ದು ಬಿ. ಮಾಹಿತಿ ಸಾಲದೆ ಗುರುತಿಸಲಾಗದ್ದು ಸಿ, ಮಾಹಿತಿ ಚೆನ್ನಾಗಿದ್ದೂ ಗುರುತಿಸಲಾಗದ್ದು ಡಿ. ಡಿ ಗುಂಪಿನಲ್ಲಿ ಉಳಿಯುವುದು ನೂರಕ್ಕೆ ಮೂರರ ಆಸುಪಾಸು. ಅಮೆರಿಕದ ವಾಯುಪಡೆಯ ಬ್ಲೂ ಬುಕ್ ಯೋಜನೆ 1969ರಲ್ಲಿ ಮುಚ್ಚುವಾಗ 12,618 ವರದಿಗಳಲ್ಲಿ 701 ಬಿಡಿಸದೇ ಉಳಿದವು ಎಂದು ಎಲ್ಲರೂ ಉಲ್ಲೇಖಿಸುತ್ತಾರೆ. ಆ 701ರಲ್ಲಿ ಸಿ ಎಷ್ಟು, ಡಿ ಎಷ್ಟು ಎಂದು ಕೇಳುವವರು ಕಡಿಮೆ. ಪೆಂಟಗನ್‌ನಲ್ಲಿ 2022ರಲ್ಲಿ ಶುರುವಾದ ‘ಆರೋ’ ಕಚೇರಿ 2024ರ ನವೆಂಬರ್‌ನ ವರದಿಯಲ್ಲಿ 757 ಹೊಸ ವರದಿಗಳ ಲೆಕ್ಕ ಕೊಟ್ಟಿತು. ಅವುಗಳಲ್ಲಿ 444ನ್ನು ಮಾಹಿತಿ ಸಾಲದೆಂದು ಎತ್ತಿಟ್ಟಿತು. ಇನ್ನಷ್ಟು ಕೂಲಂಕಷ ಅಧ್ಯಯನ ಬೇಕೆಂದು ಗುರುತಿಸಿದ್ದು 21. ನಮ್ಮ ಇಂಫಾಲ ವಿಮಾನ ನಿಲ್ದಾಣದ ಪ್ರಕರಣವನ್ನೂ ನಾನು ಸಿ ಗುಂಪಿಗೇ ಹಾಕುತ್ತೇನೆ. 2023ರ ನವೆಂಬರ್ 19ರಂದು ಬೆಳಕೊಂದು ಕಂಡು ವಿಮಾನ ಸಂಚಾರ ಗಂಟೆಗಟ್ಟಲೆ ನಿಂತಿತು. ವಾಯುಪಡೆ ರಫೇಲ್‌ಗಳನ್ನು ಕಳಿಸಿ ಹುಡುಕಿದರೂ ಏನೂ ಸಿಗಲಿಲ್ಲ. ಏನೂ ಸಿಗಲಿಲ್ಲ ಎಂಬುದನ್ನು ಸಾಕ್ಷ್ಯವಾಗಿ ಎರಡೂ ಕಡೆಯವರು ಬಳಸಬಾರದು.

ಡಿ ಗುಂಪಿನಲ್ಲಿದ್ದವೂ ಅಲ್ಲೇ ಉಳಿಯುತ್ತವೆ ಎಂದೇನಿಲ್ಲ. 1990ರಲ್ಲಿ ಬೆಲ್ಜಿಯಂನ ಪೆಟಿ ರೆಷೇನ್‌ನಲ್ಲಿ ತೆಗೆದದ್ದೆಂಬ ಕಪ್ಪು ತ್ರಿಕೋನದ ಫೋಟೋವನ್ನು ಇಪ್ಪತ್ತು ವರ್ಷ ಪರಿಣತರು ಪರೀಕ್ಷಿಸಿ, ಮೋಸವೆಂದು ಹೇಳಲಾಗದು ಎಂದಿದ್ದರು. 2011ರಲ್ಲಿ ತೆಗೆದವನೇ ಬಂದು ಅದು ಬಲ್ಬು ಸಿಕ್ಕಿಸಿದ ಥರ್ಮೋಕೋಲ್ ತುಂಡು ಎಂದು ಒಪ್ಪಿಕೊಂಡ.

ಬೆಳಕಿನ ಮಾತು ಇಷ್ಟು ಸಾಕು. ಕೈಗೆ ಸಿಗುವ ವಸ್ತುವಿಗೆ ಬರೋಣ, ಏಕೆಂದರೆ ಅಲ್ಲಿ ದೂರದ ತೊಡಕಿಲ್ಲ.

ಆಕಾಶದಿಂದ ನಿಜವಾಗಿ ಬಿದ್ದದ್ದು ಹೇಗಿರುತ್ತದೆ ಎಂಬುದು ನಮ್ಮ ನೆರೆಯಲ್ಲೇ ಗೊತ್ತಾಗಿದೆ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಆಕಾಶದಲ್ಲಿ ಬೆಂಕಿಯ ಉಂಡೆಗಳ ಸಾಲೊಂದು ನಿಧಾನವಾಗಿ ಹಾದುಹೋಯಿತು. ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲೂಕಿನ ಹಳ್ಳಿಯಲ್ಲಿ ಸುಮಾರು 3 ಮೀಟರ್ ಅಡ್ಡಗಲದ ಲೋಹದ ಬಳೆಯೂ, ಸುತ್ತಮುತ್ತ ಲೋಹದ ಗೋಳಗಳೂ ಬಿದ್ದವು. ಚೀನಾದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಮೂರನೇ ಹಂತ ಆ ಹೊತ್ತಿಗೆ ಅದೇ ದಾರಿಯಲ್ಲಿ ವಾತಾವರಣಕ್ಕೆ ಮರಳುವುದಿತ್ತು. ಕಕ್ಷೆಯ ಲೆಕ್ಕ, ನೋಡಿದವರ ವಿಡಿಯೋ, ಬಿದ್ದ ವಸ್ತು ಮೂರೂ ಒಂದಕ್ಕೊಂದು ಕೂಡಿಕೊಂಡವು. (ಇಂಥದ್ದನ್ನು ಉಲ್ಕೆಯಿಂದ ಬೇರ್ಪಡಿಸುವುದು ಸುಲಭ. ಉಲ್ಕೆ ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ಬಂದು ಒಂದೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಕಕ್ಷೆಯಿಂದ ಜಾರಿದ ಕಸ 8 ಕಿಲೋಮೀಟರ್‌ಗಿಂತ ತುಸು ಕಡಿಮೆ ವೇಗದಲ್ಲಿ, ಚೂರುಚೂರಾಗುತ್ತಾ, ಒಂದು ನಿಮಿಷವಾದರೂ ಕಾಣುತ್ತದೆ.) 2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಯಂತ್ರ ಕಟ್ಟಿದ ದೈತ್ಯ ಬಲೂನ್ ಇಳಿದಾಗಲೂ ಜನ ಗಾಬರಿಯಾದರು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಹೈದರಾಬಾದಿನ ಬಲೂನ್ ಕೇಂದ್ರದ್ದು. ಅಂಥ ಬಲೂನ್ 35 ಕಿಲೋಮೀಟರ್ ಎತ್ತರದಲ್ಲಿದ್ದರೆ ನೆಲದಲ್ಲಿ ಸೂರ್ಯ ಮುಳುಗಿ ಸುಮಾರು 25 ನಿಮಿಷ ಕಳೆದರೂ ಅದಕ್ಕೆ ಬಿಸಿಲು ತಾಗುತ್ತಿರುತ್ತದೆ. ಕೆಳಗೆ ಮಬ್ಬುಗತ್ತಲು, ಮೇಲೆ ಅಲುಗಾಡದೆ ಹೊಳೆಯುವ ಗುಂಡು. 1947ರಲ್ಲಿ ಅಮೆರಿಕದ ರಾಸ್ವೆಲ್ ಬಳಿಯ ದನದ ಹುಲ್ಲುಗಾವಲಲ್ಲಿ ಸಿಕ್ಕಿದ ರಬ್ಬರ್ ಚಿಂದಿ, ಬೇಗಡೆ, ಕಡ್ಡಿ, ಟೇಪುಗಳೂ ಬಲೂನ್ ಸರಮಾಲೆಯ ಅವಶೇಷಗಳೇ. ಸೋವಿಯತ್ ಅಣುಪರೀಕ್ಷೆಯ ಸದ್ದನ್ನು ಮೇಲಿನ ವಾತಾವರಣದಲ್ಲಿ ಆಲಿಸುವ ಗುಪ್ತ ಯೋಜನೆ ಮೊಗಲ್, ಅದರ ಗುಟ್ಟು ಕಾಯಲು ಸೇನೆ ಹವಾಮಾನದ ಬಲೂನ್ ಎಂಬ ಅರ್ಧ ಸತ್ಯ ಹೇಳಿತು. ಆ ಅರ್ಧ ಸತ್ಯಕ್ಕೆ ಜಗತ್ತು ಇಂದಿಗೂ ಬೆಲೆ ತೆರುತ್ತಿದೆ.

ಈಗ ನಿಜವಾಗಿ ಪ್ರಯೋಗಾಲಯಕ್ಕೆ ಹೋದ ಒಂದು ತುಂಡಿನ ಕಥೆ. 1947ರಲ್ಲಿ ಬಿದ್ದ ಅನ್ಯಗ್ರಹದ ನೌಕೆಯದ್ದೆಂಬ ಹೆಸರಿನಲ್ಲಿ ಕೈಯಿಂದ ಕೈಗೆ ಬಂದ, ಪದರಪದರವಾದ ಮೆಗ್ನೀಸಿಯಂ ಮತ್ತು ಬಿಸ್ಮತ್ ಇರುವ ಲೋಹದ ಚೂರು ಅದು. ಅದರ ಪದರಗಳಿಗೆ ಅಲೌಕಿಕ ಗುಣಗಳಿವೆ ಎಂಬ ವಾದವಿತ್ತು. ಆರೋ ಕಚೇರಿ ಅದನ್ನು ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಕೊಟ್ಟಿತು. ಫಲಿತಾಂಶ 2024ರಲ್ಲಿ ಹೊರಬಂತು: ಮೆಗ್ನೀಸಿಯಂ ಮತ್ತು ಸೀಸದ ಐಸೋಟೋಪ್ (ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣು) ಪ್ರಮಾಣಗಳು ಭೂಮಿಯವೇ, ಬಿಸ್ಮತ್ ಪದರಗಳು ಆ ವಾದಕ್ಕೆ ಬೇಕಾದಷ್ಟು ಶುದ್ಧವಲ್ಲ.

ಈ ಪರೀಕ್ಷೆ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ವಿವಾದದಲ್ಲಿ ಇದಕ್ಕಿಂತ ಹರಿತವಾದ ಅಸ್ತ್ರ ಇನ್ನೊಂದಿಲ್ಲ. ಭೂಮಿಯ ಮೆಗ್ನೀಸಿಯಂ ಎಲ್ಲಿ ಅಗೆದರೂ ಮೂರು ಐಸೋಟೋಪ್‌ಗಳ ಮಿಶ್ರಣ: 24 ತೂಕದ್ದು ನೂರಕ್ಕೆ 79, 25ರದ್ದು 10, 26ರದ್ದು 11. ಈ ಪ್ರಮಾಣ ನಮ್ಮ ಸೌರಮಂಡಲ ಹುಟ್ಟಿದ ಅನಿಲ ಮೋಡದ ಸಹಿ ಇದ್ದ ಹಾಗೆ. ಬೇರೆ ನಕ್ಷತ್ರಗಳ ಒಲೆಯಲ್ಲಿ ಬೆಂದ ಲೋಹಕ್ಕೆ ಬೇರೆ ಸಹಿ ಇರಬಹುದು. ಇದು ಬರೀ ಊಹೆಯಲ್ಲ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯೊಳಗೆ ಸೂರ್ಯನಿಗಿಂತ ಹಳೆಯದಾದ ಸಿಲಿಕಾನ್ ಕಾರ್ಬೈಡ್ ಕಣಗಳು ಸಿಕ್ಕಿವೆ. ಭೂಮಿಯಲ್ಲಿ ಕಾರ್ಬನ್ 12 ಮತ್ತು 13ರ ಅನುಪಾತ 89ರ ಹತ್ತಿರವಿದ್ದರೆ ಆ ಕಣಗಳಲ್ಲಿ ಅದು ಎಲ್ಲೆಲ್ಲೋ ಚದುರಿದೆ. ಬೇರೆ ನಕ್ಷತ್ರದ ವಸ್ತು ಹೀಗೆ ನಮ್ಮ ಕೈಗೆ ಬಂದದ್ದುಂಟು, ಗುರುತು ಸಿಕ್ಕಿದ್ದೂ ಉಂಟು.

ಮಾಡುವ ಕ್ರಮ ಹೀಗೆ. ಚೂರಿನ ಮೇಲ್ಮೈ ಕೆರೆದು ತೆಗೆದು ಒಳಭಾಗದ ಕೆಲವೇ ಮಿಲಿಗ್ರಾಂ ತೆಗೆದುಕೊಳ್ಳುತ್ತಾರೆ, ಏಕೆಂದರೆ ಎಷ್ಟೋ ಕೈಗಳು ಮುಟ್ಟಿದ ಹೊರಮೈಯಲ್ಲಿ ಬೆವರು, ಮಣ್ಣು, ಹಿಂದಿನ ಪರೀಕ್ಷೆಗಳ ಪಾಲಿಶ್ ಪುಡಿ ಎಲ್ಲವೂ ಇರುತ್ತವೆ. ಆಮ್ಲದಲ್ಲಿ ಕರಗಿಸಿ, ಅಯಾನು ವಿನಿಮಯದ ಕೊಳವೆಯಲ್ಲಿ ಇಳಿಸಿ ಮೆಗ್ನೀಸಿಯಂ ಒಂದನ್ನೇ ಬೇರ್ಪಡಿಸಿ ಪರಮಾಣುಗಳನ್ನು ತೂಕದ ಮೇಲೆ ವಿಂಗಡಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕುತ್ತಾರೆ. ತಪ್ಪಾಗುವುದು ಈ ಬೇರ್ಪಡಿಸುವ ಹಂತದಲ್ಲಿ. ಕ್ಯಾಲ್ಸಿಯಂ ಉಳಿದುಬಿಟ್ಟರೆ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಕ್ಯಾಲ್ಸಿಯಂ 48, ತೂಕವನ್ನು ವಿದ್ಯುದಂಶದಿಂದ ಭಾಗಿಸಿ ಓದುವ ಯಂತ್ರಕ್ಕೆ 24ರಂತೆಯೇ ಕಾಣುತ್ತದೆ. ಎರಡು ಕಾರ್ಬನ್ ಪರಮಾಣು ಅಂಟಿಕೊಂಡರೂ 24. ಶುದ್ಧೀಕರಣ ಕಳಪೆಯಾದರೆ ಮನೆಯ ಮೆಗ್ನೀಸಿಯಂ ಕೂಡ ಅನ್ಯಲೋಕದ್ದೆಂದು ಅಂಕಿ ಕೊಟ್ಟೀತು. ಆದ್ದರಿಂದ ಪ್ರಮಾಣ ಗೊತ್ತಿರುವ ಮಾದರಿಯನ್ನು ಪಕ್ಕದಲ್ಲೇ ಓಡಿಸಿ ಹೋಲಿಸಬೇಕು. ಚೂರನ್ನು ಮೂರು ಭಾಗ ಮಾಡಿ ಎರಡನ್ನು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎರಡು ಪ್ರಯೋಗಾಲಯಗಳಿಗೆ ಕೊಟ್ಟು, ಮೂರನೆಯದನ್ನು ಮೊಹರು ಹಾಕಿ ಇಟ್ಟುಕೊಳ್ಳಬೇಕು. ಯಾರ ಕೈಯಿಂದ ಯಾರ ಕೈಗೆ, ಯಾವ ದಿನ ಹೋಯಿತೆಂಬ ಬರಹ ಮೊದಲ ದಿನದಿಂದ ಇರಬೇಕು. 1957ರ ಬ್ರೆಜಿಲ್‌ನ ಉಬಾತುಬಾ ಚೂರುಗಳು ಸೋತದ್ದು ಇಲ್ಲಿಯೇ. ಅವು ಪತ್ರಿಕಾ ಅಂಕಣಕಾರರೊಬ್ಬರಿಗೆ ಅಂಚೆಯಲ್ಲಿ ಬಂದವು, ಮೂಲ ಸಾಕ್ಷಿ ಯಾರೆಂದು ತಿಳಿಯಲಿಲ್ಲ. ಮನುಷ್ಯ ತಯಾರಿಸಲಾರದಷ್ಟು ಶುದ್ಧ ಮೆಗ್ನೀಸಿಯಂ ಎಂಬ ವಾದವನ್ನು ಕೊಲರಾಡೋ ವಿಶ್ವವಿದ್ಯಾಲಯದ ಕಾಂಡನ್ ಸಮಿತಿ ಪರೀಕ್ಷಿಸಿದಾಗ ಡೌ ಕಂಪನಿಯ ಮೆಗ್ನೀಸಿಯಂ ಅದಕ್ಕಿಂತ ಶುದ್ಧವಾಗಿತ್ತು.

ಈ ಪರೀಕ್ಷೆಗೂ ಮಿತಿಯಿದೆ. ಬಂದವರು ನಮ್ಮದೇ ಕ್ಷುದ್ರಗ್ರಹದ ಲೋಹ ಬಳಸಿದ್ದರೆ ಸಹಿ ನಮ್ಮದೇ ಇರುತ್ತದೆ. ಐಸೋಟೋಪ್ ಪ್ರಮಾಣವನ್ನು ಮನುಷ್ಯರೂ ಬೇಕೆಂದು ಬದಲಿಸಬಲ್ಲರು. ಆದರೂ ಹಲವು ಲೋಹಗಳ ಸಹಿ ಒಟ್ಟಿಗೆ ಬೇರೆಯಾಗಿದ್ದು, ಅದರ ಮೇಲೆ ತಯಾರಿಕೆಯ ಗುರುತೂ ಇರುವ ಒಂದೇ ಒಂದು ಚೂರು ಸಿಕ್ಕರೆ ಸಾಕು, ಸಾವಿರ ವಿಡಿಯೋ ಬೇಡ. ಈವರೆಗೆ ಬಹಿರಂಗವಾಗಿ ಪರೀಕ್ಷೆಗೆ ಬಂದ ಯಾವ ಚೂರೂ ಹಾಗಿಲ್ಲ.

ದೇಹಗಳ ಹೆಸರಿನಲ್ಲಿ ನಡೆಯುವುದು ನೋವಿನ ವಿಷಯ. 2023ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೋ ಸಂಸತ್ತಿನಲ್ಲಿ ಪೆರು ದೇಶದ ‘ಅನ್ಯಗ್ರಹ ಮಮ್ಮಿ’ಗಳನ್ನು ಪೆಟ್ಟಿಗೆಯಲ್ಲಿಟ್ಟು ತೋರಿಸಿದರು. ಅಂಥವೇ ಎರಡು ಬೊಂಬೆಗಳು ಪೆರುವಿನಲ್ಲಿ ವಶವಾದಾಗ ಅಲ್ಲಿನ ವಿಧಿವಿಜ್ಞಾನ ತಜ್ಞರು 2024ರ ಜನವರಿಯಲ್ಲಿ ಹೇಳಿದ್ದು, ಅವು ಪ್ರಾಣಿಗಳ ಮೂಳೆಯನ್ನು ಆಧುನಿಕ ಅಂಟಿನಿಂದ ಜೋಡಿಸಿ ಮಾಡಿದವು ಎಂದು. ಚಿಲಿಯ ಅಟಕಾಮಾದಲ್ಲಿ 2003ರಲ್ಲಿ ಸಿಕ್ಕಿದ ಸುಮಾರು 15 ಸೆಂಟಿಮೀಟರಿನ ಅಸ್ಥಿಪಂಜರವನ್ನು ವರ್ಷಗಟ್ಟಲೆ ಏಲಿಯನ್ ಎಂದು ಮೆರೆಸಿದರು. 2018ರ ಡಿಎನ್‌ಎ ಅಧ್ಯಯನ ಅದೊಂದು ಹೆಣ್ಣು ಮಗು, ಮನುಷ್ಯರ ಮಗು ಎಂದು ತೋರಿಸಿತು. ಯಾರದೋ ಮನೆಯ ಕೂಸನ್ನು ಮಣ್ಣಿನಿಂದ ಎತ್ತಿ ಸರಕು ಮಾಡಿದ್ದು ನೆನೆದರೆ ಸಂಕಟವಾಗುತ್ತದೆ.

ಇನ್ನುಳಿದದ್ದು ಮಾತಿನ ಸಾಕ್ಷ್ಯ. 2023ರ ಜುಲೈ 26ರಂದು ಅಮೆರಿಕದ ಮಾಜಿ ಗುಪ್ತಚರ ಅಧಿಕಾರಿ ಡೇವಿಡ್ ಗ್ರಶ್ ಅಲ್ಲಿನ ಸಂಸತ್ ಸಮಿತಿಯ ಮುಂದೆ ಪ್ರಮಾಣ ಮಾಡಿ, ಬಿದ್ದ ನೌಕೆಗಳನ್ನು ಹೆಕ್ಕುವ ಗುಪ್ತ ಕಾರ್ಯಕ್ರಮವಿದೆ ಎಂದರು. ತಾವು ಕಣ್ಣಾರೆ ಕಂಡದ್ದಲ್ಲ, 40ಕ್ಕೂ ಹೆಚ್ಚು ಮಂದಿಯಿಂದ ಕೇಳಿದ್ದು ಎಂದೂ ಹೇಳಿದರು. ಪ್ರಮಾಣವಚನಕ್ಕೆ ಬೆಲೆಯಿದೆ, ತನಿಖೆಯ ಬಾಗಿಲು ತೆರೆಯುವಷ್ಟು ಬೆಲೆ. ಆರೋ ಕಚೇರಿಯ 2024ರ ಮಾರ್ಚ್ ವರದಿ ಅಂಥ ಕಾರ್ಯಕ್ರಮಕ್ಕೆ ಪುರಾವೆ ಕಂಡಿಲ್ಲ ಎಂದಿತು. ಸರ್ಕಾರವೇ ತನ್ನನ್ನು ತನಿಖೆ ಮಾಡಿಕೊಂಡ ವರದಿಯನ್ನು ಅನುಮಾನಿಸುವವರ ಮಾತೂ ಸುಳ್ಳಲ್ಲ, ಮೊಗಲ್ ಪ್ರಸಂಗ ಎದುರಿಗಿದೆ. ಆದರೆ ಅನುಮಾನ ಎಷ್ಟೇ ನ್ಯಾಯವಾದರೂ ಚೂರಿನ ಜಾಗದಲ್ಲಿ ಅದನ್ನು ಇಡಲಾಗದು.

ನಕ್ಷತ್ರಗಳ ನಡುವಿನ ದೂರ ದಾಟಲು ಅಸಾಧ್ಯ, ಆದ್ದರಿಂದ ಯಾರೂ ಬಂದಿಲ್ಲ ಎಂಬ ವಾದವನ್ನು ನಾನು ಬಳಸುವುದಿಲ್ಲ. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ಆಚೆಗಿದೆ, ಸೆಕೆಂಡಿಗೆ 17 ಕಿಲೋಮೀಟರ್ ಓಡುವ ವಾಯೇಜರ್ 1ರ ವೇಗದಲ್ಲಿ ಸುಮಾರು 75,000 ವರ್ಷ. ಕಷ್ಟವೆಂದು ಇದು ಹೇಳುತ್ತದೆ, ಆಗದೆಂದು ಹೇಳುವುದಿಲ್ಲ. ಬಂದಿದ್ದಾರೋ ಇಲ್ಲವೋ ಎಂಬುದನ್ನು ಇಲ್ಲಿ ಸಿಗುವ ಸಾಕ್ಷ್ಯದಿಂದಲೇ ತೀರ್ಮಾನಿಸಬೇಕು.

ಆ ಸಾಕ್ಷ್ಯವನ್ನು ಯಾರು ಬೇಕಾದರೂ ಕೂಡಿಹಾಕಬಹುದು. ವಿಚಿತ್ರ ಬೆಳಕು ಕಂಡರೆ ಮೊದಲು ಗಡಿಯಾರ ನೋಡಿ ಹೊತ್ತನ್ನು ಸೆಕೆಂಡಿನವರೆಗೆ ಗುರುತಿಸಿಕೊಳ್ಳಿ. ಉಪಗ್ರಹವಾದರೆ ಒಂದು ಸೆಕೆಂಡಿನಲ್ಲಿ ಏಳೂವರೆ ಕಿಲೋಮೀಟರ್ ಹೋಗಿರುತ್ತದೆ. ಎತ್ತರವನ್ನು ಕೈಯಿಂದ ಅಳೆಯಿರಿ: ತೋಳು ಪೂರ್ತಿ ಚಾಚಿದಾಗ ಮುಷ್ಟಿ 10 ಡಿಗ್ರಿ, ಗೇಣು 20 ಡಿಗ್ರಿಯ ಹತ್ತಿರ. ಒಂದು ಮುಷ್ಟಿ ದೂರ ಸರಿಯಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಎಣಿಸಿ. ಫೋನಿನಲ್ಲಿ ವಿಡಿಯೋ ತೆಗೆಯುವಾಗ ಝೂಮ್ ಮಾಡಲೇಬೇಡಿ. ಕತ್ತಲಲ್ಲಿ ಫೋಕಸ್ ತಪ್ಪಿದ ಚುಕ್ಕಿ ದೊಡ್ಡ ತಟ್ಟೆಯಾಗಿ, ಲೆನ್ಸಿನ ರಂಧ್ರ ಯಾವ ಆಕಾರವೋ ಆ ಆಕಾರವಾಗಿ ಕಾಣುತ್ತದೆ. 2019ರಲ್ಲಿ ಅಮೆರಿಕದ ನೌಕೆಯ ಮೇಲೆ ಹಾರಿದ ‘ಹಸಿರು ಪಿರಮಿಡ್’ಗಳು ಹುಟ್ಟಿದ್ದು ಹಾಗೆಯೇ. ಫೋನನ್ನು ಗೋಡೆಗೋ ಕಂಬಕ್ಕೋ ಆನಿಸಿ, ಮನೆಯ ಸೂರು ಅಥವಾ ಮರದ ತುದಿ ಚೌಕಟ್ಟಿನೊಳಗೆ ಬರುವಂತೆ ಹಿಡಿದು, ಕನಿಷ್ಠ ಅರ್ಧ ನಿಮಿಷ ತೆಗೆಯಿರಿ. ಆ ಸೂರು ಇದ್ದರೆ ಮರುದಿನ ಹಗಲಲ್ಲಿ ಅದೇ ಜಾಗದಲ್ಲಿ ನಿಂತು ದಿಕ್ಕನ್ನೂ ಕೋನವನ್ನೂ ಮತ್ತೆ ಅಳೆಯಬಹುದು. ಮೂಲ ಫೈಲನ್ನು ಉಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಹೊತ್ತು ಮತ್ತು ಜಾಗದ ವಿವರ ಅಳಿಸಿಹೋಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಆಮೇಲೆ ಹೊಂದಿಸಿ ನೋಡುವ ಕೆಲಸ. ಗ್ರಹಗಳಿಗೆ ಸ್ಟೆಲೇರಿಯಂ, ಉಪಗ್ರಹಗಳಿಗೆ ಹೆವೆನ್ಸ್ ಅಬೋವ್, ವಿಮಾನಗಳಿಗೆ ಫ್ಲೈಟ್‌ರಾಡಾರ್24. ಕೊನೆಯದರಲ್ಲಿ ಸೇನಾ ವಿಮಾನಗಳು ಸಾಮಾನ್ಯವಾಗಿ ಕಾಣುವುದಿಲ್ಲ, ಅದು ಖಾಲಿ ಇದ್ದ ಮಾತ್ರಕ್ಕೆ ಆಕಾಶ ಖಾಲಿ ಎಂದುಕೊಳ್ಳಬಾರದು. ಹವಾಮಾನ ಇಲಾಖೆಯ ಬಲೂನ್‌ಗಳು ಬೆಳಗಿನ ಮತ್ತು ಸಂಜೆಯ 5.30ರ ಮಾಪನಕ್ಕೆಂದು ಹಾರುತ್ತವೆ, ಬೆಳಕು ಓರೆಯಾಗಿ ತಾಗುವ ಹೊತ್ತೂ ಅದೇ. ಸಾಲಾಗಿ ಹೋಗುವ ಚುಕ್ಕಿಗಳಾದರೆ ಹೊಸದಾಗಿ ಬಿಟ್ಟ ಸ್ಟಾರ್‌ಲಿಂಕ್ ಉಪಗ್ರಹಗಳೇ ಎಂದು ಮೊದಲು ನೋಡಿ. ಇವೆಲ್ಲಕ್ಕಿಂತ ಬೆಲೆಬಾಳುವುದು ಇನ್ನೊಬ್ಬ ನೋಡುಗ. ಬೆಳಕು ಕಂಡ ತಕ್ಷಣ, ಅದರ ದಿಕ್ಕಿಗೆ ಅಡ್ಡವಾಗಿ ಐದು ಕಿಲೋಮೀಟರ್ ಆಚೆಗಿರುವ ಗೆಳೆಯರಿಗೆ ಫೋನ್ ಮಾಡಿ, ಅದೇ ಕ್ಷಣದಲ್ಲಿ ಅವರಿಗೆ ಅದು ಎಲ್ಲಿ ಕಾಣುತ್ತಿದೆ ಎಂದು ಅಳೆಯಲು ಹೇಳಿ. ಇಬ್ಬರ ಕೋನದಲ್ಲಿ 10 ಡಿಗ್ರಿ ವ್ಯತ್ಯಾಸವಿದ್ದರೆ ಬೆಳಕು ಸುಮಾರು 28 ಕಿಲೋಮೀಟರ್ ದೂರ. 1 ಡಿಗ್ರಿಯಾದರೆ 286 ಕಿಲೋಮೀಟರ್. ವ್ಯತ್ಯಾಸವೇ ಇಲ್ಲದಿದ್ದರೆ ಗ್ರಹ ಅಥವಾ ನಕ್ಷತ್ರ. ಪ್ಯಾಂಗಾಂಗ್‌ನಲ್ಲಿ ಎರಡು ಠಾಣೆಗಳು ಹೀಗೆ ಒಂದೇ ರಾತ್ರಿ ಅಳೆದಿದ್ದರೂ ಸಾಕಿತ್ತು.

ಇಷ್ಟು ಕಟ್ಟುನಿಟ್ಟಾದರೆ ನಿಜವಾದ ಅಚ್ಚರಿಯೂ ಸೋಸಿ ಹೋಗುವುದಿಲ್ಲವೇ ಎಂದು ಕೇಳುವವರಿಗೆ ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕದ ಕಥೆ ಹೇಳಬೇಕು. ಅಲ್ಲಿ 1998ರಿಂದ ಆಗೊಮ್ಮೆ ಈಗೊಮ್ಮೆ ಮಿಲಿಸೆಕೆಂಡುಗಳ ವಿಚಿತ್ರ ಸಂಕೇತಗಳು ದಾಖಲಾಗುತ್ತಿದ್ದವು. 2007ರಲ್ಲಿ ಅವುಗಳಂತೆಯೇ ತೋರುವ, ಆದರೆ ಬಹುದೂರದ ಆಕಾಶದಿಂದ ಬಂದಂತಿದ್ದ ಒಂದು ಸ್ಫೋಟವನ್ನು ವಿಜ್ಞಾನಿಗಳು ಪ್ರಕಟಿಸಿದರು. ಎರಡೂ ಒಂದೇ ಇರಬಹುದು, ಎಲ್ಲವೂ ಭೂಮಿಯ ಗದ್ದಲವೇ ಇರಬಹುದು ಎಂಬ ಅನುಮಾನ ವರ್ಷಗಟ್ಟಲೆ ಕಾಡಿತು. ಮೊದಲ ಬಗೆಯವು ಕೆಲಸದ ವೇಳೆಯಲ್ಲಿ, ಅದೂ ಊಟದ ಹೊತ್ತಿನ ಆಸುಪಾಸಿನಲ್ಲಿ ಬರುತ್ತಿದ್ದವು. ರಿಸೀವರಿನ 13 ಕಣ್ಣುಗಳಿಗೂ ಒಟ್ಟಿಗೇ ಕಾಣುತ್ತಿದ್ದವು, ಅಂದರೆ ಮೂಲ ತೀರಾ ಹತ್ತಿರ. 2015ರಲ್ಲಿ ಉತ್ತರ ಸಿಕ್ಕಿತು: ಮೈಕ್ರೋವೇವ್ ಓವನ್ ನಿಲ್ಲುವ ಮುಂಚೆಯೇ ಯಾರೋ ಬಾಗಿಲು ತೆರೆದಾಗ ಒಳಗೆ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಆರಿಹೋಗುತ್ತಾ ಹೊರಚೆಲ್ಲುತ್ತಿದ್ದ ಅಲೆಗಳು. ಓವನ್ನಿನವುಗಳನ್ನು ಬೇರ್ಪಡಿಸಿದ ಮೇಲೂ ಇನ್ನೊಂದು ಬಗೆಯ ಸ್ಫೋಟಗಳು ಉಳಿದುಕೊಂಡವು. ಅವು ದಿನದ ಯಾವ ಹೊತ್ತಿಗಾದರೂ ಬರುತ್ತಿದ್ದವು, 13ರಲ್ಲಿ ಒಂದೆರಡು ಕಣ್ಣಿಗೆ ಮಾತ್ರ ಬೀಳುತ್ತಿದ್ದವು. 2017ರಲ್ಲಿ ಅಂಥ ಒಂದು ಮೂಲದ ನೆಲೆ ಮೊದಲ ಬಾರಿಗೆ ಪತ್ತೆಯಾಯಿತು. ಅದೊಂದು ಪುಟ್ಟ ಗ್ಯಾಲಕ್ಸಿ. ದೂರವನ್ನೂ ಅಳೆದರು: 200 ಕೋಟಿ ಜ್ಯೋತಿರ್ವರ್ಷಕ್ಕೂ ಹೆಚ್ಚು.